ಮೊದಲನೇ ಕೊಕ್ಕೆಯ ಬೀಗದ ಕೈ

ಇದನ್ನು ಹೇಳುವ ಧೈರ್ಯ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಮ್ಮ ಬೀದಿಯ ಅರವತ್ತಮೂರು ಮನೆಗಳಲ್ಲೂ ನನಗಿಂತ ಚೆನ್ನಾಗಿ ಮಾತಾಡುವವರಿದ್ದಾರೆ. ಅರವತ್ತನಾಲ್ಕನೆಯದು ನಮ್ಮ ಮನೆ. ಅಲ್ಲಿ ನನ್ನ ಹೆಂಡತಿ ಇದ್ದಾಳೆ. ಆದರೂ ತಪ್ಪು ನನ್ನದಾದ್ದರಿಂದ ಹೇಳುವ ಹೊಣೆಯೂ ನನ್ನದೇ ಅಂದುಕೊಂಡು ಕೂತಿದ್ದೇನೆ. ಸಂಜೆ ತರಗತಿಯಲ್ಲಿ ಓದಿದವನ ಬರವಣಿಗೆ ಇದು. ಎಡವಿದ ಕಡೆ ಹಗಲು ಓದಿದವರು ತಿದ್ದಿಕೊಳ್ಳಬೇಕು.

ನಾನು ಬೀಗ ರಿಪೇರಿಯವನು. ಬೀದಿಯ ತಿರುವಿನಲ್ಲಿ ಕಪಾಟಿನಷ್ಟು ಅಗಲದ ಅಂಗಡಿ, ಅದರ ಹಿಂದೆ ಎರಡು ಕೋಣೆಯ ಮನೆ. ಅಂಗಡಿಯಲ್ಲಿ ಕೀ ಕೊರೆಯುವ ಮೆಷಿನ್ನು, ನಾಲ್ಕು ಅರ, ಒಂದು ಸ್ಟೂಲು, ಮತ್ತು ಹಿಂದಿನ ಗೋಡೆಗೆ ಒಂದು ಹಲಗೆ. ಕಥೆಯೆಲ್ಲ ಆ ಹಲಗೆಯದು. ಅದರ ತುಂಬ ಕೊಕ್ಕೆಗಳು. ಒಂದೊಂದರಲ್ಲೂ ಒಂದೊಂದು ಮನೆಯ ಡುಪ್ಲಿಕೇಟ್ ಬೀಗದ ಕೈ. ನಮ್ಮ ಬೀದಿಯ ಹಳಬರಿಗೆ ಮನೆಯ ಇನ್ನೊಂದು ಕೈಯನ್ನು ನಮ್ಮಲ್ಲಿ ಬಿಟ್ಟಿರುವುದು ವಾಡಿಕೆ. ಬಾಗಿಲು ಎಳೆದುಕೊಂಡು ಹೊರಗೆ ನಿಂತವರು ಓಡಿ ಬರುತ್ತಾರೆ, ನಾನು ತೆಗೆದು ಕೊಡುತ್ತೇನೆ. ನನ್ನ ಮಾವನವರ ಕಾಲದಿಂದ ನಡೆದು ಬಂದದ್ದು. ಮಾವನೇ ನನ್ನ ಗುರು. ಮೊದಲು ಕೆಲಸ ಕಲಿಸಿದರು, ಆಮೇಲೆ ಮಗಳನ್ನು ಕೊಟ್ಟರು. ಕೆಲಸದಲ್ಲಿ ಪಾಸಾದೆನೋ ಇಲ್ಲವೋ ಕೊನೆಗೂ ಹೇಳಲಿಲ್ಲ.

ಮಾವನದು ಒಂದು ಕಟ್ಟುನಿಟ್ಟು: ಬೀಗದ ಕೈಗೆ ಕಟ್ಟುವ ಚೀಟಿಯಲ್ಲಿ ಹೆಸರು, ಮನೆ ನಂಬರು ಎರಡೂ ಬರೆಯಕೂಡದು. ಕಳ್ಳ ಬಂದರೆ ಅವನಿಗೆ ಕಬ್ಬಿಣದ ಚೂರು ಸಿಗಬೇಕೇ ಹೊರತು ಮನೆ ಸಿಗಬಾರದು. ನಮಗೆ ಮಾತ್ರ ತಿಳಿಯುವ ಗುರುತು ಬರೆ ಅನ್ನುತ್ತಿದ್ದರು. ಹಾಗೇ ಬರೆದೆ. ನನ್ನ ದೌರ್ಬಲ್ಯ ಏನೆಂದರೆ, ಮನುಷ್ಯರ ಮುಖ ಮರೆತುಹೋಗುತ್ತದೆ, ಅವರು ಕೊಟ್ಟ ಕಾಟ ಮರೆಯುವುದಿಲ್ಲ. ಆದ್ದರಿಂದ ಚೀಟಿಗಳಲ್ಲಿ ಏನು ಇತ್ತೆಂದು ನೀವೇ ಊಹಿಸಿಕೊಳ್ಳಿ. ಬೇಡ, ಊಹಿಸುವ ಕಷ್ಟವೇಕೆ, ಮುಂದೆ ಬರುತ್ತದೆ.

ಈಚಿನ ಐದಾರು ವರ್ಷದಲ್ಲಿ ಬೀದಿ ಬದಲಾಯಿತು. ಹಳೆ ಮನೆಗಳಿಗೆ ಬೂದಿಬಣ್ಣ ಬಿತ್ತು, ಕಿಟಕಿಗಳು ನೆಲ ಮುಟ್ಟಿದವು, ಬಾಗಿಲುಗಳಿಗೆ ನಂಬರ್ ಒತ್ತುವ ಬೀಗ ಬಂತು. ಹಳಬರು ಉಳಿದದ್ದು ಇಪ್ಪತ್ತಾರು ಮನೆ. ಹೊಸಬರು, ಹಳಬರು ಪರಸ್ಪರ ಮುಗುಳ್ನಗುತ್ತಿದ್ದರು; ಮುಗುಳ್ನಗೆಯಿಂದ ಒಂದು ಅಕ್ಷರ ಮುಂದೆ ಹೋಗುತ್ತಿರಲಿಲ್ಲ.

ಒಂದು ಸೋಮವಾರ, ನಾವು ಬಾಡಿಗೆಗಿರುವ ಕಟ್ಟಡದ ಮಾಲೀಕರ ಮ್ಯಾನೇಜರು ಬಂದರು. ಕಂಕುಳಲ್ಲಿ ಫೈಲು.

"ನೋಡಿ, ಇಲ್ಲಿ ಕಾಫಿ ಅಂಗಡಿ ಆಗ್ಬೇಕು ಅಂತ ಸಾಹೇಬರ ಮನಸ್ಸು. ಈಗ ಯಾರ್ರೀ ಕೀ ಮಾಡಿಸ್ತಾರೆ?"

"ಮಾಡಿಸ್ತಾರೆ ಸಾರ್, ಮೊನ್ನೆ ಕೂಡ..." ಮೊನ್ನೆ ಯಾರೂ ಮಾಡಿಸಿರಲಿಲ್ಲ. ಸುಳ್ಳು ಹೇಳಲಾಗದೆ ಅರ್ಧಕ್ಕೇ ನಿಲ್ಲಿಸಿದೆ.

ನನ್ನ ಹೆಂಡತಿ ಒಳಗಿಂದಲೇ ಕೂಗಿದಳು. "ಬೀದಿಗೆ ಬೇಕೋ ಬೇಡವೋ ಬೀದಿನೇ ಕೇಳಿ ಸ್ವಾಮಿ! ಫೈಲು ಕೇಳಿದ್ರೆ ಅದೇನು ಹೇಳುತ್ತೆ?"

ಮ್ಯಾನೇಜರು ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದರು. ಬೀದಿಯ ಅರ್ಧಕ್ಕಿಂತ ಹೆಚ್ಚು ಮನೆಯವರು, ಅಂದರೆ ಮೂವತ್ತಮೂರು ಮನೆ, ಅಂಗಡಿ ಇರಲಿ ಎಂದು ಸಹಿ ಹಾಕಿದರೆ ಇರಲಿ. ಇಲ್ಲದಿದ್ದರೆ ಭಾನುವಾರ ಮಧ್ಯಾಹ್ನ ಅಂಗಡಿ, ಮನೆ ಎರಡನ್ನೂ ಬಿಡುವ ದಿನ ಗೊತ್ತುಮಾಡಬೇಕು ಎಂದಾಯಿತು.

ಹಳಬರ ಸಹಿ ಒಂದೇ ದಿನದಲ್ಲಿ ಬಿತ್ತು. ಎದುರು ಮನೆಯ ಹೆಡ್ ಮೇಡಂ ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ದನಿ ಇನ್ನೂ ಸೇವೆಯಲ್ಲಿದೆ. ಅವರು ಸಹಿ ಹಾಕಿ, ಕೆಳಗೆ ಗೆರೆ ಎಳೆದು, "ಬೀಗದಣ್ಣ, ಉಳಿದೋರ ಹತ್ರಾನೂ ಹಾಕಿಸ್ಕೋ! ಹೆದರ್ಬೇಡ!" ಎಂದರು. ಆ ಧೈರ್ಯವಚನ ಮುಂದಿನ ಬೀದಿಗೂ ಕೇಳಿಸಿತು. ಕಡಿಮೆ ಬಿದ್ದದ್ದು ಏಳು. ಏಳೂ ಹೊಸಬರದ್ದೇ ಆಗಬೇಕು.

ಮಂಗಳವಾರ ಸಂಜೆ ಹನ್ನೊಂದನೇ ಮನೆಯ ಗಡ್ಡದವರು ತಾವಾಗಿಯೇ ಅಂಗಡಿ ಮುಂದೆ ನಿಂತರು. ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು, ಬಹಳ ಸಭ್ಯರು. ಹಲಗೆಯನ್ನೇ ನೋಡಿದರು.

"ಇಷ್ಟೊಂದು ಕೀ! ಇವೆಲ್ಲ ಮಾರೋಕಾ?"

ಇಲ್ಲಿ ನನ್ನ ಬಾಯಿ ಕೆಟ್ಟಿತು. ಸಣ್ಣ ಜಂಬ. ನನಗೆ ಜಂಬ ಪಡುವ ಅಭ್ಯಾಸವಿಲ್ಲ, ಆದ್ದರಿಂದಲೇ ಅಳತೆ ಸಿಗಲಿಲ್ಲ. ಗಂಟಲು ಸರಿಮಾಡಿಕೊಂಡು, "ಮಾರೋದಕ್ಕಲ್ಲ ಸಾರ್. ಈ ಹಲಗೆ ಮೇಲೆ ಯಾರ ಕೀ ಇದೆಯೋ ಅವರೇ ಈ ಬೀದಿಯವರು" ಅಂದುಬಿಟ್ಟೆ.

ಗಡ್ಡದವರ ಮುಖ ಸಪ್ಪಗಾಯಿತು. "ನಾವು ಬಂದು ನಾಲ್ಕು ವರ್ಷ ಆಯ್ತಲ್ಲ."

"ಹಾಗಲ್ಲ ಸಾರ್, ನಾನು ಹೇಳಿದ್ದು..."

ಅವರು ಹೋಗಿಯಾಗಿತ್ತು. ಹೊಸಬರದೊಂದು ಫೋನ್ ಗ್ರೂಪು ಇದೆಯಂತೆ. ನನ್ನ ಮಾತು ಅದರೊಳಗೆ ಹೊಕ್ಕು ರಾತ್ರಿ ಊಟದ ಹೊತ್ತಿಗೆ ಕಾನೂನಾಗಿತ್ತು.

ಬುಧವಾರ ಬೆಳಿಗ್ಗೆ ಶಟರ್ ಎತ್ತಿದರೆ ಕ್ಯೂ! ಹದಿನೇಳು ಜನ, ಮೂರು ನಾಯಿ. ಎಲ್ಲರಿಗೂ ಹಲಗೆಯ ಮೇಲೆ ಜಾಗ ಬೇಕು. ದೊಡ್ಡ ನಾಯಿಯ ಅಮ್ಮನವರು ಮುಂದೆ ಬಂದು, "ನಮ್ಮನೇದು ಕಣ್ಣಿನ ಮಟ್ಟಕ್ಕೆ ಬರೋ ಹಾಗೆ ಹಾಕಿ, ಪ್ಲೀಸ್" ಎಂದರು.

"ಕೀ ಕೊಡಿ ಮೇಡಂ."

"ಕೀ ಇಲ್ಲ. ನಮ್ಮದು ನಂಬರ್ ಬೀಗ."

"ಹಾಗಾದ್ರೆ ನಾನೇನು ಹಾಕಲಿ?"

"ಒಂದು ಕೀ ಮಾಡಿಕೊಡಿ."

"ಯಾವ ಬಾಗಿಲಿಗೆ?"

"ಬಾಗಿಲಿಗ್ಯಾಕೆ? ಹಲಗೆಗೆ!"

ಮೂವತ್ತು ವರ್ಷದ ಕಸುಬಿನಲ್ಲಿ ಬೀಗದ ಕೈ ಇಲ್ಲದ ಬಾಗಿಲು ಬೇಕಾದಷ್ಟು ನೋಡಿದ್ದೆ. ಬಾಗಿಲೇ ಇಲ್ಲದ ಬೀಗದ ಕೈ ಮಾಡು ಎಂದವರು ಇವರೇ ಮೊದಲು. ಇದು ವಂಚನೆಯಾಗುತ್ತದೋ ಎಂಬ ಅನುಮಾನ ಬೇರೆ. ಹಲ್ಲು ಎಲ್ಲಿ ಕೊರೆಯಬೇಕು? ಎಲ್ಲಿ ಕೊರೆದರೂ ಸರಿ, ಅದೇ ಹೆದರಿಕೆ. ಕೊನೆಗೆ ಆತ್ಮಸಾಕ್ಷಿಗೆ ಅಂಜಿ ಪ್ರತಿಯೊಂದರ ಚೀಟಿಯಲ್ಲೂ 'ಬಾಗಿಲಿಲ್ಲ' ಎಂದು ಸ್ಪಷ್ಟವಾಗಿ ಬರೆದೆ. ಮಾಡಿಸಿದವರೆಲ್ಲ ಸಂತೋಷದಿಂದ ಸಹಿ ಹಾಕಿದರು. ಶುಕ್ರವಾರದ ಹೊತ್ತಿಗೆ ಹೊಸಬರ ಸಹಿ ಇಪ್ಪತ್ತು! ಒಟ್ಟು ನಲವತ್ತಾರು. ನನ್ನ ಹೆಂಡತಿ ಕಾಗದವನ್ನು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಳು.

ಹಳಬರು ಮಾತ್ರ ಅಂಗಡಿ ಮುಂದೆ ನಿಂತು ಮೂಗು ಮುರಿಯತೊಡಗಿದರು. ಮೂಲೆಮನೆಯ ಟೈಲರಣ್ಣ ಹಲಗೆಗೆ ಬೆರಳು ತೋರಿಸಿ, "ಏನಯ್ಯಾ, ನಿನ್ನೆ ಬಂದವರ ಕೀ ನನ್ನ ಕೀ ಪಕ್ಕಾನೇ ತೂಗ್ತಿದೆ? ನಮಗೆ ನಲವತ್ತು ವರ್ಷ ಹಿಡೀತು!" ಎಂದ.

"ಜಾಗ ಅಲ್ಲೇ ಇತ್ತು ಅಣ್ಣ."

"ಜಾಗ ಇದ್ದ ಕಡೆಯೆಲ್ಲ ಕೂರಿಸೋಕೆ ಇದೇನು ಬಸ್ಸಾ?"

ಅಲ್ಲಿಗೇ ನಿಂತಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆ. ಗಡ್ಡದವರು ಒಳ್ಳೆಯದು ಮಾಡಲು ಹೊರಟರು. ಶನಿವಾರ ಹಲಗೆಯ ಫೋಟೋ ತೆಗೆದು, ಬೀದಿಯ ಪರಂಪರೆ ಎಂದು ಹೊಗಳಿ, ಬಾಗಿಲಿನಷ್ಟು ದೊಡ್ಡದಾಗಿ ಪ್ರಿಂಟು ಹಾಕಿಸಿ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಪಕ್ಕದ ಗೋಡೆಗೆ ಅಂಟಿಸಿಬಿಟ್ಟರು. ಒಳ್ಳೆಯ ಕ್ಯಾಮೆರಾ. ಒಂದೊಂದು ಚೀಟಿಯೂ ಅಂಗೈಯಗಲ. ಒಂದೊಂದು ಅಕ್ಷರವೂ ಬದನೆಕಾಯಿಯಷ್ಟು!

ಎಂಟೂಕಾಲಿಗೆ ಬೀದಿ ಸೇರಿತು. ಕನ್ನಡಕ ಇದ್ದದ್ದು ಹೆಡ್ ಮೇಡಂ ಹತ್ತಿರ. ಓದುವ ಅಧಿಕಾರವೂ ಅವರದೇ ಆಯಿತು. ಮೊದಲ ಚೀಟಿ ಓದಿದರು, ಶಾಲೆಯ ಮೈದಾನಕ್ಕೆ ಓದುವ ಹಾಗೆ:

"'ಕೂಗಬೇಡಿ, ಕೇಳಿಸುತ್ತೆ!' ಇದ್ಯಾರದ್ರೀ ಇದು?"

ಎರಡು ಮಹಡಿಯ ಮೇಲಿನ ಕಿಟಕಿಯೊಂದು ತೆರೆದುಕೊಂಡಿತು. ಕೆಳಗೆ ಎಲ್ಲರೂ ಚಪ್ಪಲಿ ನೋಡಿಕೊಂಡರು.

"ಕೇಳ್ತಿರೋದು! ಯಾರದು?"

ಆಮೇಲೆ ಅವರ ಮುಖ ನಿಧಾನವಾಗಿ ನನ್ನ ಕಡೆ ತಿರುಗಿತು. ನಾನು ಸ್ಟೂಲಿನ ಹಿಂದೆ ಹೋದೆ. ಸ್ಟೂಲಿಗೆ ಮೂರೇ ಕಾಲು, ಹೆಚ್ಚು ಮರೆಯಾಗಲಿಲ್ಲ.

ಮುಂದಿನದನ್ನು ಟೈಲರಣ್ಣನೇ ಓದಿದ. "'ನಾಳೆ ಕೊಡ್ತೀನಿ.' ಹ್ಹಹ್ಹ, ಇದ್ಯಾರಪ್ಪ..." ಬೀದಿಗೆ ಬೀದಿಯೇ ಅವನ ಕಡೆ ನೋಡಿತು. "ಏ, ನನ್ನದಲ್ಲ ಕಣ್ರೀ!"

"ಹಾಗಾದ್ರೆ ನಿಮ್ಮದು ಯಾವುದು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನಾಳೆ ಹೇಳ್ತೀನಿ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವುದನ್ನು ಕೇಳಿದ್ದೆ. ಇಪ್ಪತ್ತಾರು ಮನೆಯವರು ಒಟ್ಟಿಗೆ ಹೆಗಲು ಮುಟ್ಟಿಕೊಂಡದ್ದನ್ನು ಅವತ್ತು ಕಂಡೆ. 'ಏಣಿ' ಎಂಬ ಒಂದೇ ಪದದ ಚೀಟಿ ಓದಿದ ಕೂಡಲೇ ನಿವೃತ್ತ ಪೋಸ್ಟ್‌ಮ್ಯಾನ್ ಮಾಮ ಮಾತಿಲ್ಲದೆ ಮನೆಗೆ ನಡೆದರು. ಒಂಬತ್ತು ವರ್ಷದ ಹಿಂದೆ ಒಯ್ದ ನನ್ನ ಏಣಿ ಹತ್ತು ನಿಮಿಷದಲ್ಲಿ ಅಂಗಡಿ ಮುಂದೆ ನಿಂತಿತ್ತು. ಹೊಸಬರು ಮೊದಮೊದಲು ನಗುತ್ತಿದ್ದರು. ಆಮೇಲೆ ತಮ್ಮ ಚೀಟಿಗಳಲ್ಲಿ 'ಬಾಗಿಲಿಲ್ಲ', 'ಬಾಗಿಲಿಲ್ಲ' ಎಂದು ಸಾಲಾಗಿ ಕಂಡಾಗ ಅವರಿಗೂ ಮುಖ ಚಿಕ್ಕದಾಯಿತು. "ನಮಗೊಂದು ಬೈಗುಳಾನೂ ಬೇಡವಾಯ್ತಾ?" ಎಂದು ನಾಯಿಯಮ್ಮ ಕೇಳಿದರು.

"ಕಾಗದ ತಾರೋ!" ಎಂದರು ಹೆಡ್ ಮೇಡಂ.

ಹೆಂಡತಿ ಅಕ್ಕಿ ಡಬ್ಬದಿಂದ ಕಾಗದ ತೆಗೆಯಬೇಕಾಯಿತು. ಹೆಡ್ ಮೇಡಂ ತಮ್ಮ ಸಹಿಯನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು. ಟೈಲರಣ್ಣ ಹೊಡೆದ. ಒಬ್ಬೊಬ್ಬರಾಗಿ ಹಳಬರೆಲ್ಲ ಹೊಡೆದರು. ಗೆರೆ ಎಳೆಯುವಾಗ ಪಕ್ಕದ ಹೊಸಬರ ಸಹಿಗಳಿಗೂ ಅಷ್ಟಿಷ್ಟು ತಾಗಿತು. ಗಂಟೆ ಒಂಬತ್ತೂವರೆ. ಹನ್ನೆರಡಕ್ಕೆ ಮ್ಯಾನೇಜರು. ನನ್ನ ಹೆಂಡತಿ ನನ್ನ ಕಿವಿಯ ಹತ್ತಿರ, "ನನಗೂ ಏನಾದ್ರೂ ಬರೆದಿದ್ರೆ ಈಗಲೇ ಹೇಳಿಬಿಡಿ, ಎಲ್ಲ ಒಟ್ಟಿಗೆ ಮುಗೀಲಿ" ಎಂದಳು.

ಆಗ ಗಡ್ಡದವರು ಫೋಟೋದ ಎಡಮೂಲೆಗೆ ಬೆರಳಿಟ್ಟರು.

"ಈ ಮೊದಲನೇದು ಯಾರದು? 'ಒಳ್ಳೆಯವರು' ಅಂತಿದೆ."

ಬೀದಿಯೆಲ್ಲ ಆ ಮೂಲೆಗೆ ಬಗ್ಗಿತು.

ಹೌದು, ಅದೊಂದಿತ್ತು. ಮೊದಲನೇ ಕೊಕ್ಕೆ, ಹಳೆಯ ಹಿತ್ತಾಳೆಯ ಬೀಗದ ಕೈ, ಮಾವನ ಅಕ್ಷರ. ನಾನು ಕೆಲಸಕ್ಕೆ ಸೇರಿದ ದಿನವೂ ಅಲ್ಲೇ ಇತ್ತು. ಯಾರದೆಂದು ಮಾವನನ್ನು ನಾನು ಕೇಳಲಿಲ್ಲ. ಮೊದಲ ವರ್ಷ ಕೇಳಿದರೆ ಅವಸರ ಅನ್ನುತ್ತಾರೆಂದು ಸುಮ್ಮನಿದ್ದೆ. ಹತ್ತನೇ ವರ್ಷ ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಅನ್ನುತ್ತಾರೆಂದು ಸುಮ್ಮನಿದ್ದೆ. ಆಮೇಲೆ ಕೇಳಲು ಅವರೇ ಇರಲಿಲ್ಲ.

"ಅದು ಮಾವ ಬರೆದದ್ದು. ಯಾರದೋ ನನಗೆ..."

ನಾನು ವಾಕ್ಯ ಮುಗಿಸುವಷ್ಟರಲ್ಲಿ ಹೆಡ್ ಮೇಡಂ, "ನಿಮ್ಮ ಮಾವ ಬಹಳ ತಿಳಿದವರು" ಎಂದರು. ಆ ಬೆಳಿಗ್ಗೆ ಅವರು ಮೆಲ್ಲಗೆ ಆಡಿದ ಒಂದೇ ಮಾತು. "ಅದು ನಂದೇ."

"ನಿಮ್ಮದು ಹೇಗಾಗುತ್ತೆ?" ಟೈಲರಣ್ಣ ಎಗರಿದ. "ಅವರ ಮದುವೆ ಕೋಟು ಹೊಲಿದೋರು ನಮ್ಮಪ್ಪ!"

"ಮದುವೆಗೆ ಮುಂಚೆ ಕೊಟ್ರಾ?"

"ಅದು ಬೇರೆ ವಿಷಯ!"

ನಾಯಿಯಮ್ಮ ಕೈಯೆತ್ತಿದರು. "ನಮ್ಮ ಮನೇಲಿ ಮೊದಲು ಇದ್ದೋರು ಬಹಳ ಒಳ್ಳೇವ್ರು ಅಂತ ಬ್ರೋಕರ್ ಹೇಳಿದ್ರು. ಮನೆ ಜೊತೆಗೆ ಅದೂ ನಮಗೇ ಬರಬೇಕಲ್ವಾ?"

ಅಷ್ಟೇ! ಅರವತ್ತಮೂರು ಮನೆಯೂ ಒಟ್ಟಿಗೆ ಮಾತಾಡಿತು. ನಾಯಿಗಳೂ ಹಕ್ಕು ಹೇಳಿದವು. ಕೊನೆಗೆ ಹೆಡ್ ಮೇಡಂ ಬೊಬ್ಬೆಯ ಮೇಲೆ ಬೊಬ್ಬೆ ಹಾಕಿ ತೀರ್ಪು ಕೊಟ್ಟರು: "ಜಗಳ ಯಾಕೆ? ಕೀ ಇದೆ, ಬಾಗಿಲುಗಳಿವೆ. ಹಾಕಿ ನೋಡೋಣ! ಯಾರ ಬಾಗಿಲು ತೆಗೆಯುತ್ತೋ ಅವರೇ ಒಳ್ಳೆಯವರು! ನಡಿ ಬೀಗದಣ್ಣ!"

ನಾನು ಕಸುಬಿನವನಾಗಿ ನಿಜ ಹೇಳಲು ನೋಡಿದೆ. ಹಳಬರ ಬೀಗಗಳಲ್ಲಿ ಮುಕ್ಕಾಲು ನಾನೇ ಬದಲಾಯಿಸಿದ್ದು, ಹೊಸಬರ ಬಾಗಿಲುಗಳಲ್ಲಿ ತೂತೇ ಇಲ್ಲ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಕೊಕ್ಕೆಯಿಂದ ಕೀ ತೆಗೆದುಕೊಂಡೆ. ಮುಂದೆ ನಾನು, ಹಿಂದೆ ಬೀದಿ.

ಮೊದಲ ಮನೆ, ಎರಡನೇ ಮನೆ, ಮೂರನೇ ಮನೆ... ಹಾಕಿದೆ, ತಿರುಗಿಸಿದೆ, ಇಲ್ಲ. ಇಲ್ಲವೆಂದಾಗಲೆಲ್ಲ ಮನೆಯವರಿಗೆ ದುಃಖ, ಉಳಿದವರಿಗೆ ಜಯಘೋಷ! ಹೆಡ್ ಮೇಡಂ ಬಾಗಿಲಲ್ಲಿ ಅದು ಒಳಕ್ಕೇ ಹೋಗಲಿಲ್ಲ. "ಸರಿಯಾಗಿ ಒತ್ತು!" ಎಂದರು. ಒತ್ತಿದೆ. "ಬೀಗಕ್ಕೆ ಬುದ್ಧಿ ಇಲ್ಲ!" ಎಂದು ಬೀಗವನ್ನೇ ಫೇಲು ಮಾಡಿದರು. ನಾಯಿಯಮ್ಮನ ಮನೆಯಲ್ಲಿ ತೂತೇ ಇಲ್ಲ. "ಸುಮ್ನೆ ಮುಟ್ಟಿಸಿ" ಎಂದರು. ನಂಬರ್ ಬೀಗಕ್ಕೆ ಕೀ ಮುಟ್ಟಿಸಿದೆ. ಅದು ಕುಂಯ್ ಎಂದು ಕೂಗಿತು. "ಒಪ್ಕೊಂಡ್ತು!" ಎಂದು ಅವರು ಕುಣಿದರು. "ಬೈತಿರೋದು ಅದು!" ಎಂದ ಟೈಲರಣ್ಣ. ಈ ಗಲಾಟೆಯಲ್ಲಿ, ಐದಾರು ವರ್ಷದಿಂದ ಮುಗುಳ್ನಗೆಗೆ ನಿಂತಿದ್ದವರು ಒಬ್ಬರ ಮನೆಯೊಳಗೆ ಒಬ್ಬರು ನುಗ್ಗುತ್ತಿದ್ದರು. "ಅಯ್ಯೋ, ಅಡಿಗೆಮನೆ ಎಲ್ಲಿ ಹೋಯ್ತು?" "ಇದೇ ಆಂಟಿ, ನೀವು ನಿಂತಿರೋದು."

ಹನ್ನೊಂದನೇ ಮನೆಯಲ್ಲಿ ಗಡ್ಡದವರು ನಮ್ಮನ್ನೆಲ್ಲ ಒಳಗೆ ಕರೆದುಕೊಂಡು ಹೋಗಿ, "ಹೊರಗಿನ ಬಾಗಿಲು ಹೊಸದು. ಹಳೇ ಬಾಗಿಲು ಇಲ್ಲಿದೆ" ಎಂದು ಊಟದ ಮೇಜನ್ನು ತೋರಿಸಿದರು.

ನಿಜ. ಹಳೆ ಬಾಗಿಲನ್ನು ಮಲಗಿಸಿ, ನಾಲ್ಕು ಕಾಲು ಕೊಟ್ಟು, ಮೇಲೆ ಗಾಜು ಹಾಸಿದ್ದರು. ಬೀಗ ಬದಿಯಲ್ಲಿ ಹಾಗೇ ಇತ್ತು, ಮಾವ ಕೂರಿಸುತ್ತಿದ್ದ ಕಾಲದ್ದು.

ಟೈಲರಣ್ಣ ಗಾಜಿನ ಮೇಲೆ ಬಗ್ಗಿದ. ಬಗ್ಗಿದವನು ಏಳಲಿಲ್ಲ. ಗಾಜಿನ ಕೆಳಗೆ, ಬಾಗಿಲಿನ ಅಂಚಿನುದ್ದಕ್ಕೂ, ಪೆನ್ಸಿಲಿನ ಸಣ್ಣ ಗೆರೆಗಳು. ಒಂದೊಂದರ ಪಕ್ಕ ಒಂದೊಂದು ವರ್ಷ.

"ಇದು ನಾನು" ಎಂದ. "ನಾವು ಇಲ್ಲೇ ಬಾಡಿಗೆಗಿದ್ದೆವು. ಪ್ರತಿವರ್ಷ ಅಪ್ಪ ನಿಲ್ಲಿಸಿ ಅಳತೆ ಹಾಕೋರು. ಇಗೋ, ಇದು ತಂಗಿ." ಆಮೇಲೆ ಗಡ್ಡದವರ ಕಡೆ ನೋಡಿ, "ನನ್ನ ಮೇಲೆ ಊಟ ಮಾಡ್ತಿದೀರಲ್ರೀ!"

ಗಡ್ಡದವರು ಕೆಂಪಾದರು. "ಯಾವುದೋ ಮಗು ಅಂತ ಗೊತ್ತಿತ್ತು ಸಾರ್. ಅದಕ್ಕೇ ಪಾಲಿಶ್ ಹಾಕಿಸಲಿಲ್ಲ. ಬಡಗಿ ಉಜ್ಜಿಬಿಡ್ತೀನಿ ಅಂದ, ನಾನು ಬಿಡಲಿಲ್ಲ."

ಟೈಲರಣ್ಣ ಗಾಜನ್ನು ತೋಳಿನಿಂದ ಒರೆಸಿದ. "ಹಾಕಯ್ಯಾ ಕೀ" ಎಂದ, ನನಗೆ.

ಮೇಜಿನ ಕೆಳಗೆ ಅಂಗಾತ ಮಲಗಿದೆ. ಕೀ ಒಳಗೆ ಹೋಯಿತು! ಮೇಲೆ ಮೂವತ್ತು ಜನ ಉಸಿರು ಹಿಡಿದರು. ತಿರುಗಿಸಿದೆ. ಅರ್ಧ ತಿರುಗಿತು! "ತಿರುಗ್ತಾ?" "ತಿರುಗ್ತಿದೆ!" "ಯಾರು ಒಳ್ಳೆಯವರು ಹಾಗಾದ್ರೆ, ನೀವಾ ನಾವಾ?" "ಬಾಗಿಲು ನಿಮ್ಮದು, ಮೇಜು ನಮ್ಮದು, ಅರ್ಧರ್ಧ!" ಎಂದರು ಗಡ್ಡದವರು. ಇನ್ನೊಂದು ಕೂದಲೆಳೆ ತಿರುಗಿಸಿದೆ.

ನಿಂತಿತು. ಮಾವನ ಕಾಲದ ಬೀಗಗಳೆಲ್ಲ ಬೇರೆಯವರ ಕೀಗೂ ಅಷ್ಟು ತಿರುಗುತ್ತವೆ. ಅತಿಥಿಗೆ ನೀರು ಕೊಡುವ ಮರ್ಯಾದೆ, ಅಷ್ಟೇ. "ಇಲ್ಲ" ಎಂದೆ. ಟೈಲರಣ್ಣ, ಗಡ್ಡದವರು ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಆಮೇಲೆ ಟೈಲರಣ್ಣ, "ಈ ಮೇಜಿಗೊಂದು ಬಟ್ಟೆ ಹೊಲಿದು ಕೊಡ್ತೀನಿ. ಅಂಚು ಮುಚ್ಚದ ಹಾಗೆ" ಎಂದ.

"ಯಾವಾಗ?"

ಮನೆ ತುಂಬ ಜನ ಒಂದೇ ದನಿಯಲ್ಲಿ ಉತ್ತರ ಹೇಳಿದರು. ಅವನೂ ಸೇರಿಕೊಂಡ.

ಅರವತ್ತಮೂರನೇ ಬಾಗಿಲು ಮುಗಿಯುವುದಕ್ಕೂ ಮ್ಯಾನೇಜರು ಬರುವುದಕ್ಕೂ ಸರಿಹೋಯಿತು. ಯಾವ ಬಾಗಿಲೂ ತೆರೆದಿರಲಿಲ್ಲ. ಅವರು ಕಾಗದ ಕೇಳಿದರು. ಕೊಟ್ಟೆ. ಹೊಡೆದ ಸಹಿ, ಹೊಡೆಯದ ಸಹಿ, ದಾರಿಯಲ್ಲಿ ಹೊಡೆದದ್ದರ ಮೇಲೆ ಮತ್ತೆ ಹಾಕಿದ ಸಹಿ, ಒಂದು ಕಡೆ ನಾಯಿಯ ಪಾದ. ಅವರು ಮೂರು ಸಲ ಎಣಿಸಿದರು, ಮೂರು ಲೆಕ್ಕ ಬಂತು.

"ಇದನ್ನ ಸಾಹೇಬರಿಗೆ ಹೇಗ್ರೀ ತೋರಿಸಲಿ? ಏನು ನಡೀತಿದೆ ಇಲ್ಲಿ?"

ಎಲ್ಲರೂ ಹೇಳಿದರು. ಅವರಿಗೆ ಅರ್ಥವಾದಷ್ಟನ್ನು ಮಾಲೀಕರಿಗೆ ಫೋನು ಮಾಡಿ ಒಪ್ಪಿಸಿದರು: ಹಳೆ ಕೀ, ಮೊದಲನೇ ಕೊಕ್ಕೆ, 'ಒಳ್ಳೆಯವರು', ಯಾರ ಬಾಗಿಲಿಗೂ ಹೊಂದಲಿಲ್ಲ. ಆಮೇಲೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದರು. ಒಳಗಿನ ದನಿ ನಮಗೆಲ್ಲ ಕೇಳಿಸಿತು.

"ಯಾರಿಗೂ ಹೊಂದೋಲ್ಲ ರೀ! ಅದು ನಮ್ಮದು! ನಾನು ಹುಟ್ಟಿದ್ದು ಅದೇ ಬೀದೀಲಿ! ನಮ್ಮಪ್ಪನ ಮನೆ ಕೆಡವಿದಾಗ ಆ ಬಾಗಿಲು ಎಲ್ಲೋ ಗೋಡೌನಿನಲ್ಲಿ ಹಾಕ್ಸಿದೀನಿ, ಹುಡುಕಿಸ್ತೀನಿ! ಯಾರೂ ಆ ಹಲಗೆ ಮುಟ್ಟಬಾರದು!"

"ಸಾರ್, ಕಾಫಿ ಅಂಗಡಿ?"

"ಆ ಕೀ ಯಾರದು ಅಂತ ತೀರ್ಮಾನ ಆಗೋವರೆಗೂ ಆ ಅಂಗಡಿ ಅಲ್ಲೇ ಇರಲಿ! ತೀರ್ಮಾನ ಆದ ದಿನ ನೋಡೋಣ!"

ಬೀದಿಯಲ್ಲಿ ಎದ್ದ ಕೂಗಿಗೆ ಹೆಡ್ ಮೇಡಂ ಅವರ ಕೂಗೂ ಕೇಳಿಸಲಿಲ್ಲ. ಇದು ಹಿಂದೆ ಎಂದೂ ಆಗಿರಲಿಲ್ಲ.

ಅದಾಗಿ ಎಂಟು ತಿಂಗಳು. ಮಾಲೀಕರ ಗೋಡೌನಿನಲ್ಲಿ ಮುನ್ನೂರು ಬಾಗಿಲುಗಳಿವೆಯಂತೆ. ಮ್ಯಾನೇಜರು ಇನ್ನೂ ಹುಡುಕುತ್ತಿದ್ದಾರೆ. ಹಳಬರು ತಮ್ಮ ಚೀಟಿ ಬದಲಾಯಿಸಲು ಬಿಡುತ್ತಿಲ್ಲ. ಬೈಗುಳ ಇದ್ದವರೇ ಹಳಬರು ಎಂಬ ಹೊಸ ಗರ್ವ ಬಂದಿದೆ. ಹೊಸಬರು ತಮಗೂ ಒಂದೊಂದು ಬೈಗುಳ ಬರೆದುಕೊಡಿ ಎಂದು ಪೀಡಿಸುತ್ತಾರೆ. ಅವರ ಕಾಟ ಇನ್ನೂ ಸಾಲದು, ಸ್ವಲ್ಪ ಕಾಯಿರಿ ಎಂದಿದ್ದೇನೆ. ನಾಯಿಯಮ್ಮ ಮಾತ್ರ ಪಾಸಾಗಿದ್ದಾರೆ.

ಉಳಿದದ್ದು ಒಂದೇ. ಆ ಭಾನುವಾರ ಎಲ್ಲರೂ ಹೋದ ಮೇಲೆ ನನ್ನ ಹೆಂಡತಿ ಹೊಸ್ತಿಲಲ್ಲಿ ಕೂತು ಕೇಳಿದಳು. "ಬೀದಿ ಬಾಗಿಲಿಗೆಲ್ಲ ಹಾಕಿದ್ರಲ್ಲ. ನಮ್ಮದಕ್ಕೆ ಹಾಕಿದ್ರಾ?"

ನಮ್ಮ ಮನೆಯ ಬೀಗ ಮಾವನೇ ಕೂರಿಸಿದ್ದು. ನಾನು ಬಿಚ್ಚಿಲ್ಲ, ಬದಲಾಯಿಸಿಲ್ಲ. ಹೊಂದಿದರೆ ತೀರ್ಮಾನವಾಯಿತು, ಅಂಗಡಿ ಹೋಯಿತು. ಹೊಂದದಿದ್ದರೆ, ಮಾವ ಒಳ್ಳೆಯವರು ಎಂದದ್ದು ನಮ್ಮನ್ನಲ್ಲ.

ಇದಕ್ಕೆ ಬಾಗಿಲವರೆಗೂ ಹೋಗಬೇಕಾಗಿಲ್ಲ. ನಮ್ಮ ಮನೆಯ ಬೀಗದ ಕೈ ನನ್ನ ಬಲಜೇಬಿನಲ್ಲಿದೆ. ಎರಡನ್ನೂ ಪಕ್ಕಪಕ್ಕ ಹಿಡಿದರೆ ಹಲ್ಲಿಗೆ ಹಲ್ಲು ಕೂಡುತ್ತದೋ ಇಲ್ಲವೋ ಕಸುಬಿನವನಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಮೊದಲನೇ ಕೊಕ್ಕೆಯ ಧೂಳು ಒರೆಸುವಾಗ ನಾನು ಬಲಗೈಯನ್ನು ಜೇಬಿನಿಂದ ದೂರವಿಟ್ಟು ಎಡಗೈಯನ್ನಷ್ಟೇ ಬಳಸುತ್ತೇನೆ. ಆದ್ದರಿಂದ ಆ ಬೀಗದ ಕೈ ಯಾರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.